ಭೂತಾನ್ ಪ್ರವಾಸ: ಊರುಗಳ ಪಟ್ಟಿಗೂ ಮೊದಲು ರಾತ್ರಿಗಳ ಲೆಕ್ಕ

ಭೂತಾನಿಗೆ ಹೋಗಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಬರೆದುಕೊಳ್ಳುವುದು ಊರುಗಳ ಪಟ್ಟಿ. ಪಾರೊ, ಥಿಂಪು, ಪುನಾಖಾ, ಹಾ, ಫೊಬ್ಜಿಖಾ, ಬುಮ್‌ಥಾಂಗ್. ಆಮೇಲೆ ಸಿಕ್ಕ ಒಂದು ವಾರದ ರಜೆಯೊಳಗೆ ಅವನ್ನೆಲ್ಲ ತುರುಕಲು ನೋಡುತ್ತಾರೆ. ಬೇರೆ ಕಡೆ ಇದು ಹೇಗೋ ನಡೆದುಹೋಗಬಹುದು, ಭೂತಾನಿನಲ್ಲಿ ನಡೆಯುವುದಿಲ್ಲ. ಅಲ್ಲಿ ಸರ್ಕಾರ ಪ್ರವಾಸಿಯಿಂದ ಶುಲ್ಕ ಪಡೆಯುವುದು ರಾತ್ರಿಯ ಲೆಕ್ಕದಲ್ಲಿ. ರಸ್ತೆ ದೂರವನ್ನು ಅಳೆಯಬೇಕಾದದ್ದು ಗಂಟೆಯ ಲೆಕ್ಕದಲ್ಲಿ. ಈ ಎರಡನ್ನು ಮೊದಲೇ ತಿಳಿದುಕೊಂಡರೆ ಖರ್ಚು, ದಾರಿ, ಋತು, ಮನೆಯ ಹಿರಿಯರ ಆರೋಗ್ಯ ಎಲ್ಲವೂ ತಾವಾಗಿಯೇ ಒಂದು ಕ್ರಮಕ್ಕೆ ಬರುತ್ತವೆ.

ದೇಶ ಚಿಕ್ಕದು. ಸುಮಾರು 38 ಸಾವಿರ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೆಯ ಒಂದು ಭಾಗ. ಜನಸಂಖ್ಯೆ ಎಂಟು ಲಕ್ಷವನ್ನೂ ಮುಟ್ಟುವುದಿಲ್ಲ. ಆದರೆ ದಕ್ಷಿಣದ ಗಡಿಯಲ್ಲಿರುವ ಫುಂಟ್‌ಶೋಲಿಂಗ್ ಸಮುದ್ರಮಟ್ಟದಿಂದ 300 ಮೀಟರ್ ಆಸುಪಾಸಿನಲ್ಲಿದ್ದರೆ, ಉತ್ತರದ ಗಡಿಯ ಗಾಂಗ್‌ಖಾರ್ ಪುಯೆನ್ಸುಮ್ ಶಿಖರ 7,570 ಮೀಟರ್ ಎತ್ತರವಿದೆ. ಆ ಶಿಖರವನ್ನು ಈವರೆಗೆ ಯಾರೂ ಏರಿಲ್ಲ. ಬೆಟ್ಟದ ತುದಿಗಳು ದೇವತೆಗಳ ನೆಲೆ ಎಂಬ ನಂಬಿಕೆಯನ್ನು ಗೌರವಿಸಿ, ಭೂತಾನ್ 2003ರಿಂದ ಪರ್ವತಾರೋಹಣವನ್ನೇ ನಿಷೇಧಿಸಿದೆ. ಈ ಎರಡು ಎತ್ತರಗಳ ನಡುವೆ ಮಡಿಕೆ ಮಡಿಕೆಯಾಗಿ ಬಿದ್ದಿರುವ ಕಣಿವೆಗಳಲ್ಲಿಯೇ ನಿಮ್ಮ ಪ್ರವಾಸ ನಡೆಯಬೇಕು.

ರಾತ್ರಿಗೆ 1,200 ರೂಪಾಯಿ

ಭೂತಾನ್ ಹೊರಗಿನ ಪ್ರವಾಸಿಗರಿಗೆ ಬಾಗಿಲು ತೆರೆದದ್ದು 1974ರಲ್ಲಿ, ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕದ ವರ್ಷ. ಜನ ಕಡಿಮೆ ಬರಲಿ, ಬಂದವರು ಹೆಚ್ಚು ಖರ್ಚು ಮಾಡಲಿ ಎಂಬುದು ಮೊದಲಿನಿಂದಲೂ ಅಲ್ಲಿಯ ನೀತಿ. ಭಾರತೀಯರಿಗೆ ಮಾತ್ರ ಬಹುಕಾಲ ಈ ಶುಲ್ಕದ ತಲೆನೋವು ಇರಲಿಲ್ಲ. ಪರಿಣಾಮವಾಗಿ 2019ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಆ ಪುಟ್ಟ ದೇಶಕ್ಕೆ ಹೋದರು, ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ನಮ್ಮವರೇ. 2020ರಲ್ಲಿ ಭಾರತ, ಬಾಂಗ್ಲಾದೇಶ ಮತ್ತು ಮಾಲ್ಡೀವ್ಸ್ ಪ್ರಜೆಗಳಿಗೂ ರಾತ್ರಿಗೆ 1,200 ರೂಪಾಯಿಯ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು ವಿಧಿಸಲು ಕಾನೂನು ಬಂದಿತು. ಕೊರೊನಾ ಕಾಲದಲ್ಲಿ ಮುಚ್ಚಿದ್ದ ಗಡಿ 2022ರ ಸೆಪ್ಟೆಂಬರ್ 23ರಂದು ಮತ್ತೆ ತೆರೆದಾಗ ನಮ್ಮ ಪಾಲಿನ ಶುಲ್ಕ ಅಷ್ಟೇ ಉಳಿಯಿತು. ಅಲ್ಲಿ ಹೋಟೆಲಿನವರಿಂದ ಹಿಡಿದು ಚಾಲಕರವರೆಗೆ ಎಲ್ಲರೂ ಇದನ್ನು ಎಸ್‌ಡಿಎಫ್ ಎಂದೇ ಕರೆಯುತ್ತಾರೆ.

ಇದರಲ್ಲಿ ಹೋಟೆಲ್ ಬಾಡಿಗೆ, ಊಟ, ಕಾರು ಯಾವುದೂ ಸೇರಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಐದು ವರ್ಷದವರೆಗಿನ ಮಕ್ಕಳಿಗೆ ಶುಲ್ಕವಿಲ್ಲ. ಆರು ತುಂಬಿ ಹನ್ನೆರಡರೊಳಗೆ ಇರುವವರಿಗೆ ಅರ್ಧ. ಗಂಡ, ಹೆಂಡತಿ, ಅತ್ತೆ ಮತ್ತು ಎಂಟು ವರ್ಷದ ಮಗಳು ಆರು ರಾತ್ರಿ ಉಳಿಯುತ್ತಾರೆ ಎಂದುಕೊಳ್ಳಿ. ಮೂವರು ದೊಡ್ಡವರಿಗೆ 21,600, ಮಗುವಿಗೆ 3,600, ಒಟ್ಟು 25,200 ರೂಪಾಯಿ. ಇದು ಸರ್ಕಾರಕ್ಕೆ ಹೋಗುವ ಹಣ. ಟ್ರಾವೆಲ್ ಏಜೆಂಟ್ ಕೊಡುವ ಪ್ಯಾಕೇಜಿನ ದರದಲ್ಲಿ ಇದು ಸೇರಿದೆಯೇ ಇಲ್ಲವೇ ಎಂಬುದೇ ನೀವು ಕೇಳಬೇಕಾದ ಮೊದಲ ಪ್ರಶ್ನೆ. ಅಗ್ಗವಾಗಿ ಕಾಣುವ ಎಷ್ಟೋ ದರಪಟ್ಟಿಗಳಲ್ಲಿ ಈ ಸಾಲು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಹೊರತುಪಡಿಸಿ’ ಎಂಬ ಪಟ್ಟಿಯಲ್ಲಿ ಇರುತ್ತದೆ.

ಈ ಶುಲ್ಕದ ಬಗ್ಗೆ ಗೊಣಗುವವರನ್ನು ಕಂಡಿದ್ದೇನೆ. ನನಗೆ ಅದು ನ್ಯಾಯವಾದದ್ದೇ ಎನಿಸುತ್ತದೆ. ಭೂತಾನಿನಲ್ಲಿ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೆ ಹಣವಿಲ್ಲ, ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ದೇಶದ ಕನಿಷ್ಠ ಶೇಕಡ 60 ಭಾಗ ಎಂದೆಂದಿಗೂ ಕಾಡಾಗಿಯೇ ಇರಬೇಕೆಂದು 2008ರ ಸಂವಿಧಾನವೇ ಹೇಳುತ್ತದೆ. ಕಾಡು ಕಡಿದು ಕಾಸು ಮಾಡಿಕೊಳ್ಳುವುದಿಲ್ಲ ಎಂದು ನಿರ್ಧರಿಸಿದ ದೇಶ ಆ ಕಾಡನ್ನು ನೋಡಲು ಬಂದವರಿಂದ ಒಂದಿಷ್ಟು ಕೇಳಿದರೆ ತಪ್ಪೇನು?

ಕರ್ನಾಟಕದಿಂದ ಹೋಗುವ ಕುಟುಂಬಗಳಲ್ಲಿ ಇನ್ನೊಂದು ಗೊಂದಲ ಮತ್ತೆ ಮತ್ತೆ ಎದುರಾಗುತ್ತದೆ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇರುವ ಮಗ, ಮಗಳು, ಮೊಮ್ಮಕ್ಕಳು ರಜೆಗೆ ಬಂದಾಗ ಎಲ್ಲರೂ ಸೇರಿ ಹೋಗೋಣವೆಂದು ಯೋಜನೆ ಹಾಕುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್. ವಿದೇಶಿ ಪಾಸ್‌ಪೋರ್ಟ್ ಇದ್ದವರು, ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡ್ ಹೊಂದಿದ್ದರೂ, ವಿದೇಶಿಗರೇ. ಅವರು ಮುಂಚಿತವಾಗಿ ವೀಸಾ ಪಡೆಯಬೇಕು, ವೀಸಾಕ್ಕೆ 40 ಡಾಲರ್, ಜೊತೆಗೆ ರಾತ್ರಿಗೆ 100 ಡಾಲರ್ ಎಸ್‌ಡಿಎಫ್ ಕಟ್ಟಬೇಕು. 2022ರಲ್ಲಿ 200 ಡಾಲರ್ ಇದ್ದದ್ದನ್ನು ಮರುವರ್ಷ ಅರ್ಧಕ್ಕೆ ಇಳಿಸಲಾಯಿತು, ಆ ರಿಯಾಯಿತಿ 2027ರ ಆಗಸ್ಟ್ ಕೊನೆಯವರೆಗೆ ಎಂದು ಘೋಷಿಸಲಾಗಿದೆ. ಒಂದೇ ಕಾರಿನಲ್ಲಿ ಕುಳಿತ ತಂದೆಗೂ ಮಗನಿಗೂ ಇಷ್ಟು ಅಂತರವಿರುತ್ತದೆ. ಮನೆಯಲ್ಲಿ ಮಾತುಕತೆ ಆಗುವಾಗಲೇ ಇದು ಎಲ್ಲರಿಗೂ ಗೊತ್ತಿರಲಿ.

ಕಾಗದಪತ್ರ

ಭಾರತೀಯರಿಗೆ ವೀಸಾ ಬೇಡ, ಪ್ರವೇಶ ಪರವಾನಗಿ ಬೇಕು. ಅದಕ್ಕೆ ಎರಡೇ ಗುರುತಿನ ದಾಖಲೆಗಳು ಸಲ್ಲುತ್ತವೆ: ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ. ಆಧಾರ್ ನಡೆಯುವುದಿಲ್ಲ. ಪ್ಯಾನ್, ಚಾಲನಾ ಪರವಾನಗಿಯೂ ನಡೆಯುವುದಿಲ್ಲ. ಊರಿನಲ್ಲಿ ಎಲ್ಲ ಕೆಲಸಕ್ಕೂ ಆಧಾರ್ ಹಿಡಿದು ಓಡಾಡಿ ರೂಢಿಯಾದ ನಮಗೆ ಇದು ಗಡಿಯವರೆಗೆ ಹೋದ ಮೇಲೆ ತಿಳಿದರೆ ದೊಡ್ಡ ಆಘಾತ. ಹದಿನೆಂಟು ತುಂಬದ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಓದಲು ಬರುವ ಜನನ ಪ್ರಮಾಣಪತ್ರ ಬೇಕು, ತಂದೆ ಅಥವಾ ತಾಯಿ ಜೊತೆಗಿರಬೇಕು.

ನಮ್ಮ ಕಡೆಯ ಇನಿಷಿಯಲ್‌ಗಳ ತಾಪತ್ರಯವನ್ನೂ ಇಲ್ಲಿಯೇ ಬಗೆಹರಿಸಿಕೊಳ್ಳಿ. ಮತದಾರರ ಚೀಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ವಿಮಾನದ ಟಿಕೆಟಿನಲ್ಲಿ ತಂದೆಯ ಪೂರ್ತಿ ಹೆಸರು, ಮಗುವಿನ ಜನನ ಪತ್ರದಲ್ಲಿ ಊರಿನ ಹೆಸರು ಸೇರಿಕೊಂಡ ಮೂರನೆಯ ರೂಪ. ಇವು ಒಂದಕ್ಕೊಂದು ಹೊಂದದಿದ್ದರೆ ಕೌಂಟರಿನ ಮುಂದೆ ವಿವರಣೆ ಕೊಡುತ್ತ ನಿಲ್ಲಬೇಕಾಗುತ್ತದೆ. ಯಾವ ದಾಖಲೆ ತೋರಿಸುತ್ತೀರೋ ಅದರಲ್ಲಿರುವಂತೆಯೇ ಟಿಕೆಟನ್ನೂ ಹೋಟೆಲನ್ನೂ ಕಾಯ್ದಿರಿಸಿ. ಮೂಲಪ್ರತಿ ಕೈಯಲ್ಲಿರಲಿ, ನಕಲು ಬೇರೆ ಚೀಲದಲ್ಲಿರಲಿ.

ಪರವಾನಗಿಗೆ ಭೂತಾನ್ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಮೊದಲೇ ಅರ್ಜಿ ಹಾಕಿ ಎಸ್‌ಡಿಎಫ್ ಕಟ್ಟಬಹುದು. ಫುಂಟ್‌ಶೋಲಿಂಗಿನ ವಲಸೆ ಕಚೇರಿಯಲ್ಲಿ ಎದುರಿಗೆ ನಿಂತೂ ಮಾಡಿಸಬಹುದು. ಆದರೆ ರಜೆಯ ದಟ್ಟಣೆಯಲ್ಲಿ ಎರಡನೆಯದನ್ನು ನೆಚ್ಚಿಕೊಳ್ಳಬೇಡಿ. ಹೊರಡುವ ಎರಡು ವಾರ ಮೊದಲೇ ಮುಗಿಸಿದರೆ ನಿಶ್ಚಿಂತೆ. ಥಿಂಪು ಮತ್ತು ಪಾರೊ ಬಿಟ್ಟು ಮುಂದೆ ಹೋಗುವುದಾದರೆ ಪರವಾನಗಿ ಪಡೆದ ಭೂತಾನಿ ಗೈಡ್ ಜೊತೆಗಿರಬೇಕು. ಈ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ, ಹಣ ಕಟ್ಟುವ ಮುನ್ನ ಅಲ್ಲಿನ ಪ್ರವಾಸೋದ್ಯಮ ಇಲಾಖೆಯ ಪುಟವನ್ನೊಮ್ಮೆ ಓದಿ. ಗೈಡ್ ಎಂದರೆ ಹೊರೆ ಎಂದುಕೊಳ್ಳಬೇಕಿಲ್ಲ. ಕೋಟೆ, ಮಠ, ಆಡಳಿತ ಕಚೇರಿ ಮೂರೂ ಒಂದೇ ಆವರಣದಲ್ಲಿರುವ ಜೋಂಗ್‌ಗಳ ಗೋಡೆಯ ಮೇಲಿನ ಒಂದೊಂದು ಚಿತ್ರಕ್ಕೂ ಒಂದು ಕಥೆಯಿದೆ, ಅದನ್ನು ಬಲ್ಲವರು ಪಕ್ಕದಲ್ಲಿ ಇರದಿದ್ದರೆ ಬಣ್ಣ ಮಾತ್ರ ಕಾಣುತ್ತದೆ.

ಸ್ವಂತ ಕಾರಿನಲ್ಲಿ ಹೋಗುವ ಆಸೆಯುಳ್ಳವರಿಗೆ ಒಂದು ಮಾತು. ಗಡಿಪಟ್ಟಣ ದಾಟಿ ಒಳಗೆ ಹೋಗುವ ಭಾರತದ ಪ್ರವಾಸಿ ವಾಹನಕ್ಕೆ ಗಡಿ ತೆರೆದಾಗಿನಿಂದ ದಿನಕ್ಕೆ 4,500 ರೂಪಾಯಿ ಶುಲ್ಕವಿದೆ. ಭೂತಾನಿನ ಕಾರು ಮತ್ತು ಚಾಲಕರನ್ನು ಗೊತ್ತುಮಾಡಿಕೊಳ್ಳುವುದೇ ಲೇಸು. ಆ ರಸ್ತೆಗಳ ಮಂಜು, ತಿರುವು, ಕುಸಿಯುವ ಜಾಗ ಅವರಿಗೆ ಗೊತ್ತು.

ಆಕಾಶದ ದಾರಿ, ನೆಲದ ದಾರಿ

ವಿಮಾನದಲ್ಲಿ ಹೋಗುವವರು ಇಳಿಯುವುದು ಪಾರೊದಲ್ಲಿ. ಸುಮಾರು 2,235 ಮೀಟರ್ ಎತ್ತರದ ಕಿರಿದಾದ ಕಣಿವೆಯಲ್ಲಿರುವ ಈ ನಿಲ್ದಾಣಕ್ಕೆ ಪೈಲಟ್‌ಗಳು ಬೆಟ್ಟಗಳನ್ನು ಕಣ್ಣಾರೆ ನೋಡುತ್ತ ತಿರುಗಿಸಿ ಇಳಿಸಬೇಕು. ಅದಕ್ಕೆ ವಿಶೇಷ ತರಬೇತಿ ಪಡೆದವರಿಗಷ್ಟೇ ಅವಕಾಶ. ಹಗಲು ಹೊತ್ತು ಮಾತ್ರ, ಅದೂ ಹೆಚ್ಚಾಗಿ ಬೆಳಗ್ಗೆ, ಏಕೆಂದರೆ ಮಧ್ಯಾಹ್ನ ಕಣಿವೆಯ ಗಾಳಿ ಬಿರುಸಾಗುತ್ತದೆ. ಮೋಡ ಕವಿದರೆ ವಿಮಾನ ತಡವಾಗುತ್ತದೆ, ಕೆಲವೊಮ್ಮೆ ಬೇರೆಡೆ ಇಳಿಯುತ್ತದೆ. ಆದ್ದರಿಂದ ಪಾರೊದಿಂದ ಕೋಲ್ಕತ್ತಕ್ಕೋ ದೆಹಲಿಗೋ ಬಂದ ಎರಡು ಗಂಟೆಯಲ್ಲಿ ಬೆಂಗಳೂರಿನ ವಿಮಾನ ಹಿಡಿಯುವ ಯೋಜನೆ ಬೇಡ. ಅಂದಿನ ರಾತ್ರಿಯನ್ನು ಅಲ್ಲಿಯೇ ಕಳೆಯುವಂತೆ ಟಿಕೆಟ್ ಮಾಡಿಸಿ. ಡ್ರುಕ್ ಏರ್ ಮತ್ತು ಭೂತಾನ್ ಏರ್‌ಲೈನ್ಸ್ ಎರಡೇ ಸಂಸ್ಥೆಗಳು ಪಾರೊಗೆ ನಿಯಮಿತವಾಗಿ ಹಾರುತ್ತವೆ, ಬೆಂಗಳೂರಿನಿಂದ ನೇರ ವಿಮಾನವಿಲ್ಲ. ದೆಹಲಿಯಿಂದ ಹೋಗುವವರು ಎಡಗಡೆಯ ಕಿಟಕಿಯ ಸೀಟು ಕೇಳಿ ಪಡೆಯಿರಿ. ಆಕಾಶ ತಿಳಿಯಾಗಿದ್ದರೆ ಎವರೆಸ್ಟ್ ಮತ್ತು ಕಾಂಚನಜುಂಗಾ ಸಾಲು ಆ ಕಡೆಗೇ ಬರುತ್ತದೆ.

ನೆಲದ ದಾರಿ ಅಗ್ಗ. ನನ್ನ ಮಟ್ಟಿಗೆ ಅದು ಹೆಚ್ಚು ಅರ್ಥವತ್ತಾದ ದಾರಿಯೂ ಹೌದು. ಬೆಂಗಳೂರಿನಿಂದ ಬಾಗ್ಡೋಗ್ರಾಕ್ಕೆ ನೇರ ವಿಮಾನಗಳಿವೆ. ಅಲ್ಲಿಂದ ಚಹಾ ತೋಟಗಳ ನಡುವೆ ನಾಲ್ಕೈದು ಗಂಟೆ ಕಾರಿನಲ್ಲಿ ಹೋದರೆ ಪಶ್ಚಿಮ ಬಂಗಾಳದ ಜೈಗಾಂವ್. ರೈಲು ಇಷ್ಟಪಡುವವರು ಕೋಲ್ಕತ್ತದ ಸಿಯಾಲ್ದಾದಿಂದ ಕಾಂಚನ ಕನ್ಯಾ ಎಕ್ಸ್‌ಪ್ರೆಸ್ ಹಿಡಿದು ಹಾಸಿಮಾರಾದಲ್ಲಿ ಇಳಿದರೆ ಜೈಗಾಂವ್ ಅಲ್ಲಿಂದ ಇಪ್ಪತ್ತು ಕಿಲೋಮೀಟರಿನೊಳಗೆ.

ಜೈಗಾಂವ್ ಮತ್ತು ಫುಂಟ್‌ಶೋಲಿಂಗ್ ಗೋಡೆಗೆ ಗೋಡೆ ತಾಗಿದ ಊರುಗಳು. ಈಚೆ ತಳ್ಳುಗಾಡಿ, ಹಾರ್ನ್, ಧೂಳು. ಆಚೆ ಕಾರುಗಳು ಹಾರ್ನ್ ಮಾಡದೆ ಪಟ್ಟೆಗೆರೆಯ ಮುಂದೆ ನಿಂತು ಕಾಲ್ನಡಿಗೆಯವರಿಗೆ ದಾರಿ ಬಿಡುತ್ತವೆ. ಗಡಿಯಾರವೂ ಬದಲಾಗುತ್ತದೆ: ಭೂತಾನ್ ನಮಗಿಂತ ಅರ್ಧ ಗಂಟೆ ಮುಂದೆ. ಜೈಗಾಂವಿನ ಹೋಟೆಲಿನಲ್ಲಿ ಎಂಟೂವರೆ ಎಂದರೆ ಆಚೆ ಆಗಲೇ ಒಂಬತ್ತು, ಕಚೇರಿ ತೆರೆದಿರುತ್ತದೆ. ಸಂಜೆ ಮುಚ್ಚುವುದೂ ನಿಮ್ಮ ಕೈಗಡಿಯಾರಕ್ಕಿಂತ ಅರ್ಧ ಗಂಟೆ ಮೊದಲೇ. ಫುಂಟ್‌ಶೋಲಿಂಗ್ ಪಟ್ಟಣದ ನಿಗದಿತ ಗಡಿಯೊಳಗೆ 24 ಗಂಟೆಯವರೆಗೆ ಇರಲು ಎಸ್‌ಡಿಎಫ್ ಇಲ್ಲ. ಹೀಗಾಗಿ ಸಂಜೆ ಬಂದು, ಅಲ್ಲಿ ಉಳಿದು, ಬೆಳಗ್ಗೆ ಬೇಗ ಬೆಟ್ಟ ಏರತೊಡಗುವುದು ಬುದ್ಧಿವಂತಿಕೆ.

ಅಲ್ಲಿಂದ ಥಿಂಪುವಿಗೆ ಸುಮಾರು 150 ಕಿಲೋಮೀಟರ್, ಆದರೆ ಐದಾರು ಗಂಟೆ ಬೇಕು. ಈ ರಸ್ತೆಯನ್ನು ಕಡಿದವರು ಭಾರತದ ಗಡಿ ರಸ್ತೆಗಳ ಸಂಸ್ಥೆಯವರು, 1961ರಲ್ಲಿ ಆರಂಭವಾದ ದಂತಕ್ ಯೋಜನೆಯಡಿ. ಅದಕ್ಕೆ ಮೂರು ವರ್ಷ ಮೊದಲು, 1958ರಲ್ಲಿ, ಪ್ರಧಾನಿ ನೆಹರೂ ಭೂತಾನಿಗೆ ಹೋದದ್ದು ಸಿಕ್ಕಿಂನ ನಾಥು ಲಾ ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯ ಮೂಲಕ, ಕುದುರೆ ಮತ್ತು ಯಾಕ್‌ಗಳ ಮೇಲೆ. ಬೆಚ್ಚನೆಯ, ತೇವದ ಕಾಡಿನಿಂದ ಆರಂಭವಾಗಿ, ಗೆದು ಎಂಬಲ್ಲಿ ದಟ್ಟ ಮಂಜನ್ನು ಹೊಕ್ಕು, ಪೈನ್ ಮರಗಳ ಒಣ ಕಣಿವೆಗೆ ಹೊರಬರುವ ಈ ಒಂದು ಹಗಲಿನಲ್ಲಿ ಎರಡು ಸಾವಿರ ಮೀಟರ್ ಏರಿರುತ್ತೀರಿ. ದೇಹಕ್ಕೂ ಎತ್ತರಕ್ಕೆ ಒಗ್ಗಿಕೊಳ್ಳಲು ಹೊತ್ತು ಸಿಗುತ್ತದೆ. ತಿರುವಿನಲ್ಲಿ ಹೊಟ್ಟೆ ತೊಳಸುವವರು ಮಾತ್ರೆಯನ್ನು ಹೊರಡುವ ಮುನ್ನವೇ ನುಂಗಿರಲಿ.

ಎಷ್ಟು ಕಣಿವೆ?

ಪಾರೊದಿಂದ ಥಿಂಪು ಐವತ್ತು ಕಿಲೋಮೀಟರ್, ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಥಿಂಪುವಿನಿಂದ ಪುನಾಖಾ ಎಪ್ಪತ್ತಕ್ಕೆ ಸ್ವಲ್ಪ ಮೇಲೆ, ಎರಡೂವರೆಯಿಂದ ಮೂರು ಗಂಟೆ. ಪುನಾಖಾದಿಂದ ಫೊಬ್ಜಿಖಾಕ್ಕೆ ಮತ್ತೆ ಅಷ್ಟೇ. ಬುಮ್‌ಥಾಂಗ್ ಎಂದರೆ ಅಲ್ಲಿಂದ ಮುಂದೆ ಇಡೀ ಒಂದು ಹಗಲು, ಬರುವಾಗ ಇನ್ನೊಂದು. ನಿಮ್ಮ ಕೈಯಲ್ಲಿ ಐದಾರು ರಾತ್ರಿ ಇದ್ದರೆ ಮೂರು ಕಣಿವೆ ಸಾಕು: ಥಿಂಪುವಿನಲ್ಲಿ ಎರಡು ರಾತ್ರಿ, ಪುನಾಖಾದಲ್ಲಿ ಎರಡು, ಪಾರೊದಲ್ಲಿ ಎರಡು. ಎಂಟು ರಾತ್ರಿ ಇದ್ದರೆ ಫೊಬ್ಜಿಖಾವನ್ನೋ ಹಾ ಕಣಿವೆಯನ್ನೋ ಸೇರಿಸಿ. ಹತ್ತಕ್ಕಿಂತ ಕಡಿಮೆ ಇದ್ದರೆ ಬುಮ್‌ಥಾಂಗ್ ಕಡೆ ಹೊರಡಬೇಡಿ, ರಾತ್ರಿಗೆ 1,200 ಕೊಟ್ಟು ಹಗಲೆಲ್ಲ ಕಾರಿನ ಕಿಟಕಿಯಲ್ಲೇ ಕಳೆದಂತಾಗುತ್ತದೆ.

ಪುನಾಖಾಕ್ಕೆ ಎರಡು ರಾತ್ರಿ ಎಂದರೆ ಹಲವರು ಹುಬ್ಬೇರಿಸುತ್ತಾರೆ, ಏಕೆಂದರೆ ಹೆಚ್ಚಿನ ಪ್ಯಾಕೇಜುಗಳಲ್ಲಿ ಅದು ಬೆಳಗ್ಗೆ ಹೋಗಿ ಸಂಜೆ ಮರಳುವ ಜಾಗ. ಹಾಗೆ ಮಾಡಬೇಡಿ. ಥಿಂಪು ಸುಮಾರು 2,300 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಪುನಾಖಾ 1,200 ಮೀಟರ್ ಆಸುಪಾಸು, ಬೆಚ್ಚಗಿನ ಭತ್ತದ ಕಣಿವೆ. ಚಳಿಯಲ್ಲಿ ಸೆಟೆದುಕೊಂಡ ಹಿರಿಯರ ಮೊಣಕಾಲುಗಳಿಗೆ ಅಲ್ಲಿ ಬಿಡುವು ಸಿಗುತ್ತದೆ. ಫೊ ಛು ಮತ್ತು ಮೊ ಛು ನದಿಗಳು ಕೂಡುವ ಮೂಲೆಯಲ್ಲಿ, ದೇಶವನ್ನು ಒಂದುಗೂಡಿಸಿದ ಝಾಬ್‌ದ್ರುಂಗ್ ನವಾಂಗ್ ನಮ್‌ಗ್ಯಾಲ್ 1637-38ರಲ್ಲಿ ಕಟ್ಟಿಸಿದ ಪುನಾಖಾ ಜೋಂಗ್ ನಿಂತಿದೆ.  ಈ ಜೋಂಗ್ ಭೂತಾನಿನಲ್ಲಿ ಅತ್ಯಂತ ಸುಂದರ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಅದನ್ನು ಬೆಳಗಿನ ಹೊತ್ತು ನಿಧಾನವಾಗಿ ನೋಡಬೇಕು. ಥಿಂಪುವಿನಿಂದ ಆತುರಾತುರವಾಗಿ ಬಂದವರಿಗೆ ಆ ಬೆಳಕು ಸಿಗುವುದಿಲ್ಲ. ದಾರಿಯಲ್ಲಿ 3,100 ಮೀಟರ್ ಎತ್ತರದ ದೋಚುಲಾ ಘಾಟಿ ಬರುತ್ತದೆ. ಅಲ್ಲಿ 108 ಸ್ತೂಪಗಳಿವೆ, ಆಕಾಶ ತಿಳಿಯಾಗಿದ್ದರೆ ಹಿಮಶಿಖರಗಳ ಸಾಲು ಕಾಣುತ್ತದೆ. ಗಾಳಿಗೆ ಕಿವಿ ಮುಚ್ಚಿಕೊಳ್ಳಲು ಏನಾದರೂ ಕೈಗೆ ಸಿಗುವಂತಿರಲಿ.

ಥಿಂಪುವಿನ ತಾಶಿಛೊ ಜೋಂಗ್ ಸರ್ಕಾರದ ಕಚೇರಿಯೂ ಆದ್ದರಿಂದ ವಾರದ ದಿನಗಳಲ್ಲಿ ಕಚೇರಿ ಮುಗಿದ ನಂತರವೇ ಪ್ರವಾಸಿಗರಿಗೆ ಪ್ರವೇಶ. ಮಧ್ಯಾಹ್ನ ಹೋಗಿ ಗೇಟಿನಿಂದ ಮರಳುವವರು ಬಹಳ.

ತಕ್ತ್‌ಸಾಂಗ್ ಹತ್ತುವ ದಿನ

ಭೂತಾನಿನ ಚಿತ್ರವೆಂದರೆ ಎಲ್ಲರ ಕಣ್ಣಿಗೆ ಬರುವುದು ಪಾರೊ ಕಣಿವೆಯ ಮೇಲೆ, ನೆಟ್ಟಗೆ ನಿಂತ ಬಂಡೆಗೆ ಅಂಟಿಕೊಂಡ ತಕ್ತ್‌ಸಾಂಗ್ ಮಠ. ಎಂಟನೆಯ ಶತಮಾನದಲ್ಲಿ ಗುರು ಪದ್ಮಸಂಭವರು ಹುಲಿಯ ಬೆನ್ನೇರಿ ಬಂದು ಇಲ್ಲಿಯ ಗುಹೆಯಲ್ಲಿ ಧ್ಯಾನ ಮಾಡಿದರೆಂಬುದು ನಂಬಿಕೆ. ಮಠ ಕಟ್ಟಿದ್ದು 1692ರಲ್ಲಿ. 1998ರಲ್ಲಿ ಬೆಂಕಿಗೆ ಆಹುತಿಯಾದದ್ದನ್ನು ಮತ್ತೆ ಹಾಗೆಯೇ ಕಟ್ಟಿದರು. ಕೊಡಗಿನ ದಾರಿಯಲ್ಲಿ ಬೈಲಕುಪ್ಪೆಯ ನಮ್‌ಡ್ರೋಲಿಂಗ್ ಮಠದ ಬಂಗಾರದ ಬಣ್ಣದ ಮೂರು ದೊಡ್ಡ ವಿಗ್ರಹಗಳನ್ನು ಕಂಡವರಿಗೆ ಈ ಗುರು ಅಪರಿಚಿತರಲ್ಲ, ಆ ಮೂರರಲ್ಲಿ ಒಂದು ಅವರದೇ. ಭೂತಾನಿನ ಎಷ್ಟೋ ಭಿಕ್ಷುಗಳು ಅದೇ ಬೈಲಕುಪ್ಪೆಯಲ್ಲಿ ಓದಿ ಬಂದವರು. ಕರ್ನಾಟಕದವರು ಎಂದು ಹೇಳಿ ನೋಡಿ, ಮೈಸೂರಿನ ಬಿಸಿಲಿನ ಬಗ್ಗೆ ಮಾತು ಶುರುವಾಗಬಹುದು.

ಹತ್ತುವ ದಾರಿ ಸುಮಾರು 2,600 ಮೀಟರಿನಿಂದ ಆರಂಭವಾಗಿ 3,120ಕ್ಕೆ ಮುಟ್ಟುತ್ತದೆ. ಹೋಗಿ ಬರಲು ಐದಾರು ಗಂಟೆ. ಮೊದಲರ್ಧ ಪೈನ್ ಕಾಡಿನ ಮಣ್ಣಿನ ಏರು. ಅಲ್ಲಿಯವರೆಗೆ ಕುದುರೆ ಸಿಗುತ್ತದೆ, ಆದರೆ ಏರಲು ಮಾತ್ರ, ಇಳಿಯುವಾಗ ನಡೆದೇ ಬರಬೇಕು. ನಡುದಾರಿಯ ಕೆಫೆಟೇರಿಯಾದಲ್ಲಿ ಚಹಾ ಕುಡಿಯುತ್ತ ಎದುರಿನ ಬಂಡೆಯ ಮೇಲಿನ ಮಠವನ್ನು ನೋಡಬಹುದು. ಮೊಣಕಾಲು ನೋವಿನವರು ಅಲ್ಲಿಗೇ ನಿಲ್ಲಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ, ಆ ನೋಟವೇ ಅರ್ಧ ಯಾತ್ರೆ. ಮುಂದಿನದು ಕಠಿಣ. ಮಠದ ಎತ್ತರಕ್ಕೇ ಬಂದು ನಿಂತ ಮೇಲೆ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರವಿದೆ ಎನಿಸಿದಾಗ, ದಾರಿ ನೂರಾರು ಮೆಟ್ಟಿಲು ಕೆಳಗಿಳಿದು, ಜಲಪಾತದ ಪಕ್ಕದ ಸೇತುವೆ ದಾಟಿ, ಮತ್ತೆ ಮೇಲೇರುತ್ತದೆ. ಮರಳುವಾಗ ಇಳಿದದ್ದನ್ನೆಲ್ಲ ಹತ್ತಬೇಕು. ಒಳಗೆ ಹೋಗುವ ಮೊದಲು ಮೊಬೈಲ್, ಕ್ಯಾಮೆರಾ, ಚೀಲ ಎಲ್ಲವನ್ನೂ ಬಾಗಿಲಲ್ಲಿ ಬಿಡಬೇಕು.

ಮಧ್ಯಾಹ್ನ ಒಂದರಿಂದ ಎರಡರವರೆಗೆ ಮಠ ಮುಚ್ಚಿರುತ್ತದೆ. ಬೆಳಗ್ಗೆ ಎಂಟಕ್ಕೆ ಹತ್ತತೊಡಗಿದರೆ ಬಿಸಿಲೂ ಇರುವುದಿಲ್ಲ, ಬಾಗಿಲಲ್ಲಿ ಕಾಯಬೇಕಾಗಿಯೂ ಇಲ್ಲ. ಇದನ್ನು ಬಂದಿಳಿದ ಮರುದಿನವೇ ಇಟ್ಟುಕೊಳ್ಳಬೇಡಿ. ಎತ್ತರದಲ್ಲಿ ನಾಲ್ಕು ದಿನ ಓಡಾಡಿದ ದೇಹಕ್ಕೆ ಇದು ಸಲೀಸು. ಕೊನೆಯ ದಿನಕ್ಕೂ ಬೇಡ, ಮಳೆ ಬಂದರೆ ಬದಲಿ ದಿನ ಇರುವುದಿಲ್ಲ. ಕೊನೆಯ ದಿನದ ಹಿಂದಿನ ದಿನ ಸರಿಯಾದದ್ದು. ಹತ್ತಿ ಬಂದ ಸಂಜೆ ಪಾರೊದ ಯಾವುದಾದರೂ ರೈತರ ಮನೆಯಲ್ಲಿ ಬಿಸಿಕಲ್ಲಿನ ಸ್ನಾನ ಕೇಳಿ. ನದಿಯ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ ಮರದ ತೊಟ್ಟಿಯ ನೀರಿಗೆ ಇಳಿಸುತ್ತಾರೆ, ಕಲ್ಲು ಸಿಡಿದು ಚಟಚಟ ಎನ್ನುತ್ತದೆ, ನೀರಿನಲ್ಲಿ ಮಾಚಿಪತ್ರೆಯ ಜಾತಿಯ ಸೊಪ್ಪಿನ ವಾಸನೆ.

ಯಾವಾಗ?

ಅಕ್ಟೋಬರ್, ನವೆಂಬರ್ ಅತ್ಯುತ್ತಮ. ಆಕಾಶ ತೊಳೆದಿಟ್ಟಂತೆ ಇರುತ್ತದೆ, ಭತ್ತ ಕೊಯ್ಲಿಗೆ ಬಂದಿರುತ್ತದೆ. ನಮ್ಮ ದಸರಾ ರಜೆಗೂ ಇದು ಹೊಂದುತ್ತದೆ. ಥಿಂಪುವಿನ ತ್ಸೆಚು ಉತ್ಸವವೂ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಬೀಳುತ್ತದೆ, ಭಿಕ್ಷುಗಳ ಮುಖವಾಡದ ಕುಣಿತ ನೋಡಲು ಕಣಿವೆಯ ಜನರೆಲ್ಲ ತಮ್ಮ ಹೊಸ ಘೋ, ಕಿರಾ ಉಟ್ಟು ಬರುತ್ತಾರೆ. ಒಂದೇ ತೊಡಕೆಂದರೆ ಅದೇ ಸಮಯದಲ್ಲಿ ಬಂಗಾಳದಲ್ಲಿ ದುರ್ಗಾಪೂಜೆಯ ರಜೆ. ಬಾಗ್ಡೋಗ್ರಾ ವಿಮಾನವೂ ರೈಲೂ ತುಂಬಿ ತುಳುಕುತ್ತವೆ. ಮೂರು ನಾಲ್ಕು ತಿಂಗಳು ಮೊದಲೇ ಟಿಕೆಟ್ ಆಗಬೇಕು.

ಮಾರ್ಚ್‌ನಿಂದ ಮೇ ಮೊದಲರ್ಧದವರೆಗೆ ಬೆಟ್ಟಗಳಲ್ಲಿ ರೋಡೋಡೆಂಡ್ರಾನ್ ಅರಳುತ್ತದೆ, ಪುನಾಖಾ ಜೋಂಗಿನ ಮುಂದೆ ಜಕರಂಡಾ ನೇರಳೆಯಾಗುತ್ತದೆ. ಶಾಲೆಯ ಬೇಸಿಗೆ ರಜೆಗೆ ಹೋಗುವವರು ಏಪ್ರಿಲ್ ಆರಿಸಿಕೊಳ್ಳಲಿ, ಮೇ ಕೊನೆಗೆ ಮಳೆ ಶುರುವಾಗಿಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ನೆಲದ ದಾರಿ ಬೇಡವೇ ಬೇಡ. ಫುಂಟ್‌ಶೋಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತಡೆಯಾಗುತ್ತದೆ. ಚಳಿಗಾಲ ಒಣ, ಬಿಸಿಲಿನ ಹಗಲು, ಕೊರೆಯುವ ರಾತ್ರಿ. ಆದರೆ ಕಪ್ಪುಕೊರಳಿನ ಕೊಕ್ಕರೆಗಳನ್ನು ನೋಡಬೇಕೆಂದರೆ ಚಳಿಗಾಲವೇ ಆಗಬೇಕು. ಟಿಬೆಟ್ ಕಡೆಯಿಂದ ಅವು ಅಕ್ಟೋಬರ್ ಕೊನೆಯ ಹೊತ್ತಿಗೆ ಫೊಬ್ಜಿಖಾದ ಜೌಗು ಬಯಲಿಗೆ ಇಳಿದು ಫೆಬ್ರುವರಿ, ಮಾರ್ಚ್‌ವರೆಗೆ ಇರುತ್ತವೆ. ಪ್ರತಿ ವರ್ಷ ನವೆಂಬರ್ 11ರಂದು ಅಲ್ಲಿಯ ಗಾಂಗ್‌ಟೆ ಮಠದ ಅಂಗಳದಲ್ಲಿ ಅವುಗಳ ಹೆಸರಿನಲ್ಲಿಯೇ ಹಬ್ಬ ನಡೆಯುತ್ತದೆ. ಶಾಲೆಯ ಮಕ್ಕಳು ಕೊಕ್ಕರೆಯ ವೇಷ ತೊಟ್ಟು ರೆಕ್ಕೆ ಬಡಿಯುತ್ತಾರೆ.

ಊಟ, ಅಡಿಕೆ

ಸಸ್ಯಾಹಾರಿಗಳು ಹೆದರಬೇಕಿಲ್ಲ. ಎಮಾ ದತ್ಶಿ, ಅಂದರೆ ಚೀಸ್‌ನಲ್ಲಿ ಬೆಂದ ಮೆಣಸಿನಕಾಯಿ, ಅಲ್ಲಿಯ ನಿತ್ಯದ ಪಲ್ಯ. ಮೆಣಸಿನಕಾಯಿ ಅಲ್ಲಿ ಒಗ್ಗರಣೆಗಲ್ಲ, ಅದೇ ತರಕಾರಿ. ಬ್ಯಾಡಗಿ ತಿಂದು ಬೆಳೆದ ನಾಲಿಗೆಗೂ ಮೊದಲ ತುತ್ತು ಬೆವರು ಬರಿಸುತ್ತದೆ. ಮಕ್ಕಳಿಗೆ ಆಲೂಗಡ್ಡೆಯ ಕೇವಾ ದತ್ಶಿ, ಅಣಬೆ ಇಷ್ಟಪಡುವವರಿಗೆ ಶಾಮು ದತ್ಶಿ, ಜೊತೆಗೆ ಕೆಂಪಕ್ಕಿಯ ಅನ್ನ. ಸಾರಿಗೆ ಒಣಮಾಂಸ ಹಾಕಿದ್ದಾರೆಯೇ ಎಂದು ಪ್ರತಿಸಲ ಕೇಳಿ. ಭೂತಾನಿನ ಪಂಚಾಂಗದ ಮೊದಲ ಮತ್ತು ನಾಲ್ಕನೆಯ ತಿಂಗಳುಗಳು ಪವಿತ್ರ, ಆಗ ಮಾಂಸದಂಗಡಿಗಳು ಮುಚ್ಚಿರುತ್ತವೆ. ಬೆಳ್ಳುಳ್ಳಿ ಈರುಳ್ಳಿ ತಿನ್ನದ ಹಿರಿಯರಿದ್ದರೆ ಹೋಟೆಲಿಗೆ ಹಿಂದಿನ ದಿನವೇ ಹೇಳಬೇಕು. ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿ ಇದ್ದರೆ ದಾರಿಯ ಊಟ ತಡವಾದರೂ ಚಿಂತೆಯಿಲ್ಲ.

ಊಟವಾದ ಮೇಲೆ ದೋಮಾ. ವೀಳ್ಯದೆಲೆ, ಸುಣ್ಣ, ಅಡಿಕೆ: ನಮ್ಮದೇ ಎಲೆಯಡಿಕೆ, ಆದರೆ ಅಡಿಕೆ ಒಣಗಿಸಿದ್ದಲ್ಲ, ಹಸಿಯದು, ಮಾಗಿಸಿದ್ದು. ಘಾಟು ಜೋರು, ಬಾಯಿಗಿಟ್ಟ ನಿಮಿಷದಲ್ಲಿ ಕಿವಿ ಬಿಸಿಯಾಗುತ್ತದೆ. ಮಲೆನಾಡಿನವರಿಗೆ ಭೂತಾನಿನ ಅಡಿಕೆಯ ಬಗ್ಗೆ ಬೇರೆ ಕಾರಣಕ್ಕೂ ಗೊತ್ತು. 2022ರಲ್ಲಿ ಕೇಂದ್ರ ಸರ್ಕಾರ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಾಗ ನಮ್ಮ ಬೆಳೆಗಾರರು ಸಹಜವಾಗಿಯೇ ಆತಂಕಗೊಂಡರು. ಆ ಅಡಿಕೆ ಬರುವುದು ನೀವು ದಾಟುವ ಅದೇ ಜೈಗಾಂವಿನ ಗಡಿಯಿಂದ.

ನಡೆ ಮತ್ತು ಹಣ

ಜೋಂಗ್, ದೇವಾಲಯಗಳಿಗೆ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಉಡುಪು ಬೇಕು. ಟೋಪಿ ತೆಗೆಯಬೇಕು. ಗರ್ಭಗುಡಿಯಲ್ಲಿ ಫೋಟೊ ಇಲ್ಲ. ಸ್ತೂಪಕ್ಕೆ ಪ್ರದಕ್ಷಿಣೆ ನಮ್ಮಂತೆಯೇ ಬಲಕ್ಕೆ. 2019ರಲ್ಲಿ ಭಾರತದಿಂದ ಹೋದ ಬೈಕ್ ಸವಾರನೊಬ್ಬ ದೋಚುಲಾದ ಸ್ತೂಪದ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಂಡದ್ದು ಭೂತಾನಿನ ಜನರನ್ನು ಬಹಳ ನೋಯಿಸಿತು. ಅವು ಯುದ್ಧದಲ್ಲಿ ಮಡಿದವರ ನೆನಪಿನ ಸ್ತೂಪಗಳು. ನಮ್ಮ ನಂತರ ಹೋಗುವ ಪ್ರತಿಯೊಬ್ಬ ಭಾರತೀಯನನ್ನೂ ಅವರು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದು ನಮ್ಮ ನಡೆಯನ್ನೇ ಅವಲಂಬಿಸಿದೆ. ಹಿಂದಿ ಬಹುಮಂದಿಗೆ ಅರ್ಥವಾಗುತ್ತದೆ, ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲಿ. ಹಿಂದಿ ಬಾರದವರಿಗೂ ತೊಂದರೆಯಿಲ್ಲ.

ದಿನವೂ ನುಂಗುವ ಮಾತ್ರೆಗಳನ್ನು ಪೂರ್ತಿ ಪ್ರವಾಸಕ್ಕೆ ಸಾಲುವಷ್ಟು, ಇನ್ನೂ ನಾಲ್ಕು ದಿನಕ್ಕೆ ಹೆಚ್ಚಾಗಿ, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ದೊಡ್ಡ ಆಸ್ಪತ್ರೆ ಇರುವುದು ಥಿಂಪುವಿನಲ್ಲಿ, ಕಣಿವೆಗಳಲ್ಲಿ ಔಷಧದಂಗಡಿ ವಿರಳ. ಪ್ರಯಾಣ ವಿಮೆ ಇರಲಿ.

ಭೂತಾನಿನ ನ್ಗುಲ್ಟ್ರಮ್ ಮತ್ತು ನಮ್ಮ ರೂಪಾಯಿ ಸರಿಸಮ. ನಮ್ಮ ನೋಟುಗಳು ಅಲ್ಲಿ ನಡೆಯುತ್ತವೆ, ನೂರರ ನೋಟುಗಳು ಹೆಚ್ಚಿದ್ದರೆ ಅನುಕೂಲ. 2021ರಿಂದ ಭೀಮ್ ಯುಪಿಐ ಕೂಡ ಇದೆ, ಆದರೆ ಹಳ್ಳಿಯ ಅಂಗಡಿಯಲ್ಲಿ ಅದನ್ನು ನಂಬಿ ನಿಲ್ಲಬೇಡಿ. ಹೊರಡುವ ಮೊದಲು ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶದ ಯುಪಿಐ ಚಾಲೂ ಮಾಡಿಕೊಳ್ಳಬೇಕಾದೀತು. ಸ್ಥಳೀಯ ಸಿಮ್ ಕಾರ್ಡ್ ಪಾರೊ ನಿಲ್ದಾಣದಲ್ಲೂ ಫುಂಟ್‌ಶೋಲಿಂಗಿನಲ್ಲೂ ಸಿಗುತ್ತದೆ. ಚಿಲ್ಲರೆಯಾಗಿ ಕೈಗೆ ಬಂದ ನ್ಗುಲ್ಟ್ರಮ್‌ಗಳನ್ನು ಗಡಿ ದಾಟುವ ಮುನ್ನ ಖರ್ಚು ಮಾಡಿಬಿಡಿ. ಜೈಗಾಂವಿನ ಅಂಗಡಿಯವರು ತೆಗೆದುಕೊಳ್ಳುತ್ತಾರೆ, ಬಾಗ್ಡೋಗ್ರಾದ ಟ್ಯಾಕ್ಸಿಯವರು ತೆಗೆದುಕೊಳ್ಳುವುದಿಲ್ಲ. ನೆಲದ ದಾರಿಯಲ್ಲಿ ಮರಳುವವರು ನಿರ್ಗಮನವನ್ನು ವಲಸೆ ಕಚೇರಿಯಲ್ಲಿ ದಾಖಲಿಸಿದ ಮೇಲೆಯೇ ಹೊರಗೆ ಬನ್ನಿ.